ಅಳುವ ಮುಖದ ಗುಂಡಿ

ಮೊನ್ನೆ ಮೇಜಿನ ಡ್ರಾಯರ್ ಎಳೆದಾಗ ಒಂದು ಹಳದಿ ಸ್ಪಂಜಿನ ಚೆಂಡು ಉರುಳಿಕೊಂಡು ಬಂತು. ಮೇಲೆ ನಗುವ ಮುಖ. ಮೂಸಿದರೆ ಇನ್ನೂ ಫಾರ್ಮಲಿನ್ ವಾಸನೆ. ಹೆಣ ಕೆಡದಂತೆ ಇಡುವ ಆ ಔಷಧಿಯ ವಾಸನೆ ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಅದು ನಮ್ಮ ಅನಾಟಮಿ ಮೇಡಂ ಕೊಟ್ಟ ಚೆಂಡು.

ಶಿವಮೊಗ್ಗದ ಒಂದು ಮೆಡಿಕಲ್ ಕಾಲೇಜಿನಲ್ಲಿ ನಾನು ಪಾಠ ಮಾಡಲು ಸೇರಿದಾಗ ಅವರು ನಮ್ಮ ವಿಭಾಗದ ಹಿರಿಯರು. ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಡಿಸೆಕ್ಷನ್ ಹಾಲಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಒಳಗೆ ಕಾಲಿಟ್ಟರೆ ಫಾರ್ಮಲಿನ್ ಘಾಟಿಗೆ ಕಣ್ಣು ಉರಿಯುತ್ತಿತ್ತು. ಮೇಡಂ ಪಾಠದ ಮಧ್ಯೆ ಕೆಮ್ಮಿ, ಉಸಿರಿನ ಪಂಪ್ ಬಾಯಿಗಿಟ್ಟು ಎಳೆದುಕೊಂಡು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದು ಫ್ಯಾನ್, ಅಷ್ಟೇ. ಕೇಳಿ ಕೇಳಿ ಬಾಯಿ ಸೋತಿತ್ತು.

ಆಗ ಯಾರ ತಲೆಗೆ ಹೊಳೆಯಿತೋ, ಅಧ್ಯಾಪಕರ ನೆಮ್ಮದಿ ಅಳೆಯಲು ಹೊರಟರು. ಹೆಬ್ಬೆಟ್ಟೊತ್ತುವ ಹಾಜರಿ ಮೆಷಿನ್ ಪಕ್ಕ ಇನ್ನೊಂದು ಪೆಟ್ಟಿಗೆ ಬಂತು. ಹಸಿರು ಗುಂಡಿಯ ಮೇಲೆ ನಗುವ ಮುಖ, ಕೆಂಪಿನ ಮೇಲೆ ಅಳುವ ಮುಖ. ಎರಡರಲ್ಲಿ ಒಂದನ್ನು ಒತ್ತದಿದ್ದರೆ ಹಾಜರಿ ಬೀಳುವುದಿಲ್ಲ. ನಾವೆಲ್ಲ ಹಸಿರನ್ನೇ ಒತ್ತುತ್ತಿದ್ದೆವು. ಹಿಂದೆ ಕ್ಯೂನಲ್ಲಿ ನಿಂತವರು ನೋಡುತ್ತಿರುತ್ತಾರೆ, ಬೆಳಬೆಳಗ್ಗೆ ಇಲ್ಲದ ಉಸಾಬರಿ ಯಾಕೆ? ಮೇಡಂ ಮಾತ್ರ ದಿನಾ ಕೆಂಪು.

"ಕೇಳಿದ್ದಾರಲ್ಲ ಮಾರಾಯ್ತಿ, ಹೇಳ್ತೀನಿ," ಎನ್ನುತ್ತಿದ್ದರು.

ಕೊನೆಗೆ ಪ್ರಿನ್ಸಿಪಾಲರು ಕರೆಸಿದರು. ಫ್ಯಾನ್ ಬಂದೇಬಿಟ್ಟಿತು ಅಂದುಕೊಂಡೆ. ಮೇಡಂ ವಾಪಸ್ ಬಂದವರೇ ಕುರ್ಚಿಯಲ್ಲಿ ಕುಸಿದು, ಕೆಮ್ಮು ಬರುವಷ್ಟು ನಕ್ಕರು.

"ನನ್ನನ್ನೇ ಕ್ಷೇಮ ಸಮಿತಿಗೆ ಹಾಕಿದ್ರು ಕಣೇ. ಫ್ಯಾನು ಮೇಂಟೆನೆನ್ಸ್‌ನವರ ಕೆಲಸವಂತೆ. ಎಲ್ರನ್ನೂ ಖುಷಿಯಾಗಿಡೋದು ನನ್ನ ಕೆಲಸವಂತೆ."

ದಿನವಿಡೀ ಪಾಠ ಮಾಡಿ, ಸಂಜೆಯ ಬಸ್ಸು ಬಿಟ್ಟು, ಗಾಂಧಿ ಬಜಾರಿನಲ್ಲಿ ಅಲೆದು ಆ ಹಳದಿ ಚೆಂಡುಗಳನ್ನು ತಂದವರೂ ಅವರೇ. ಬೇಜಾರಾದಾಗ ನಾವು ಅದನ್ನು ಹಿಚುಕಿಕೊಳ್ಳಬೇಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ವರ್ಷದ ಕೊನೆಗೆ ಪ್ರಿನ್ಸಿಪಾಲರು ಇನ್ನೊಂದು ಮಾತು ಹೇಳಿ ಕಳಿಸಿದರು. ಅಳುವ ಮುಖ ಒಂದೂ ಇರದಿದ್ದರೆ ಆಡಳಿತ ಮಂಡಳಿಗೆ ಸಂತೋಷವಾಗುತ್ತದೆ, ಆಗ ಫ್ಯಾನಿನ ವಿಷಯವನ್ನೂ ಎತ್ತಬಹುದು ಎಂದು. ಇಡೀ ಕಾಲೇಜಿನಲ್ಲಿ ಇದ್ದದ್ದೇ ಒಂದು ಅಳುವ ಮುಖ. ಮಾರನೆಯ ಬೆಳಿಗ್ಗೆ ಮೇಡಂ ಹಸಿರು ಒತ್ತಿದರು. ನಾನು ಹಿಂದೆಯೇ ಇದ್ದೆ. ಅವರು ತಿರುಗಿ ನೋಡಲಿಲ್ಲ...

ಮಂಡಳಿಗೆ ಸಂತೋಷವಾಯಿತು. ಎಲ್ಲರೂ ಇಷ್ಟು ನೆಮ್ಮದಿಯಾಗಿರುವಾಗ ಫ್ಯಾನಿಗೇನು ಅವಸರ ಎಂದು ಮುಂದಕ್ಕೆ ಹಾಕಿತು.

ಮರುವರ್ಷ ಮೆಟ್ಟಿಲು ಹತ್ತಲಾರದೆ ಮೇಡಂ ಕೆಲಸ ಬಿಟ್ಟರು. ಜನ್ನಾಪುರದ ಮನೆಗೆ ಹೋದಾಗ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಕೂತಿದ್ದರು. "ಫ್ಯಾನ್ ಬಂತಾ?" ಎಂದು ಕೇಳಿದರು. ಇಲ್ಲ ಎಂದೆ. ಅದೇ ಕೊನೆಯ ಮಾತಾಯಿತು... ಆ ಗಾಳಿಯಿಂದಲೇ ಹೋದರು ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ನಾನೂ ಡಾಕ್ಟರೇ. ನಾನು ಹೇಳುತ್ತೇನೆ, ಅದರಿಂದಲೇ.

ಚೆಂಡು ಸಿಕ್ಕ ಮಾರನೆಯ ದಿನ ಆ ಪೆಟ್ಟಿಗೆಯನ್ನು ಸರಿಯಾಗಿ ನೋಡಿದೆ. ಹಸಿರು ಗುಂಡಿಯ ನಗು ಹೆಬ್ಬೆರಳುಗಳಿಗೆ ಸವೆದು ಅಳಿಸಿಹೋಗಿದೆ. ಅಳುವ ಮುಖ ಮಾತ್ರ ಹೊಸದರಂತಿದೆ. ಅದನ್ನು ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ.

"ಅದು ಕೆಲಸ ಮಾಡಲ್ಲ ಮೇಡಂ," ಎಂದ ಅಟೆಂಡರ್. "ಆ ಮೇಡಂ ಹಸಿರು ಒತ್ತೋಕೆ ಶುರು ಮಾಡಿದ್ಮೇಲೆ ಇದರ ವೈರ್ ತೆಗೆಸಿಬಿಟ್ರು. ಹಸಿರೊತ್ತಿ, ಹಿಂದೆ ಕ್ಯೂ ಇದೆ."

ಹಾಜರಿ ಬೀಳಬೇಕಲ್ಲ. ಹಸಿರು ಒತ್ತಿ ಡಿಸೆಕ್ಷನ್ ಹಾಲಿಗೆ ಹೋದೆ. ಫ್ಯಾನ್ ಹಾಗೇ ನಿಂತಿತ್ತು. ಮೇಡಂ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಪಾಠ ಶುರು ಮಾಡಿದೆ. ಮಧ್ಯದಲ್ಲಿ ಕೆಮ್ಮು ಬಂತು.