ಅವ್ವ ಕಲ್ಲು ಹೊತ್ತ ಖಣಿಗಳು

ನಾನು ಹುಟ್ಟಿದ್ದು ಒಂದು ಕಲ್ಲಿನ ಖಣಿಯಲ್ಲಿ. ಯಾವ ಖಣಿ ಎಂಬುದು ಗೊತ್ತಿಲ್ಲ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ಊರು ಜತ್ತ ಎಂದಿದೆ. ಹೆಸರು ಹಚ್ಚಿಕೊಂಡ ಮಾಸ್ತರರು ಅವ್ವನನ್ನು ಕೇಳದೆಯೇ ಹಾಗೆ ಬರೆದುಕೊಂಡಿದ್ದರು. ಅವ್ವ ಮಾತ್ರ "ನೀ ಖಣಿಯಾಗ ಹುಟ್ಟಿದಾಕಿ" ಎನ್ನುತ್ತಿದ್ದಳು. ಎಲ್ಲಿಯ ಖಣಿ ಎಂದು ಕೇಳಿದರೆ ಮೂಡಣದ ಕಡೆ ಕೈ ಬೀಸಿ, "ಅಲ್ಲೇ, ಮಾಡಗ್ಯಾಳದ ಕಡಿ. ದಂಡಿಮ್ಯಾಲ ಒಂದು ಬನ್ನಿಗಿಡ ಇತ್ತು" ಎಂದು ಮಾತು ಮುಗಿಸುತ್ತಿದ್ದಳು. ಅದಕ್ಕಿಂತ ಹೆಚ್ಚಿಗೆ ನಾನೂ ಕೇಳಲಿಲ್ಲ. ಕಲ್ಲು ಒಡೆಯುವವರು ವರ್ಷಕ್ಕೊಂದು ಕಡೆ ಗುಡಿಸಲು ಹಾಕುತ್ತಿದ್ದರು, ಒಂದು ಖಣಿ ಮುಗಿದರೆ ಇನ್ನೊಂದಕ್ಕೆ ಹೋಗುತ್ತಿದ್ದರು ಎಂಬಷ್ಟು ಮಾತ್ರ ಗೊತ್ತಿತ್ತು.

ನಾನು ಮೂರು ವರ್ಷದವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಆಮೇಲೆ ಅವ್ವ ಖಣಿ ಬಿಟ್ಟು ನನ್ನನ್ನು ಕಟ್ಟಿಕೊಂಡು ಜತ್ತಕ್ಕೆ ಬಂದಳು, ಮಂದಿಯ ಮನೆಯ ಪಾತ್ರೆ ತೊಳೆದು ಓದಿಸಿದಳು. ನಾನೀಗ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಇಸಿದುಕೊಳ್ಳುವ ಕೆಲಸದಲ್ಲಿದ್ದೇನೆ. ಮದುವೆ ಆಗಲಿಲ್ಲ. ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕಲ್ಲಿಗೆ ಮದ್ದು ಇಟ್ಟು ಹಾರಿಸುವ ಸದ್ದಿಗೆ ಅವ್ವನ ಕಿವಿ ಮಂದವಾಗಿತ್ತು. ಹಗಲೆಲ್ಲ ಗ್ರಂಥಾಲಯದಲ್ಲಿ ಪಿಸುಗುಟ್ಟಿ ಬಂದ ನಾನು ಸಂಜೆ ಮನೆಯಲ್ಲಿ ಕೂಗಿ ಕೂಗಿ ಮಾತಾಡುತ್ತಿದ್ದೆ. ಮಗ್ಗುಲು ಮನೆಯವರಿಗೆ ನಮ್ಮ ಮನೆಯಲ್ಲಿ ಏನು ಪಲ್ಯ ಎಂಬುದೂ ಗೊತ್ತಾಗುತ್ತಿತ್ತು. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅವ್ವ ಹೋದಳು. ಮಣ್ಣಿಗೆ ಬಂದವರು ಏಳೆಂಟು ಜನ. ಯಾರೂ ಅಳಲಿಲ್ಲ. ನನಗೂ ಅಳು ಬರಲಿಲ್ಲ, ಯಾಕೆಂದು ಇವತ್ತಿಗೂ ತಿಳಿದಿಲ್ಲ. ಅಂದಿನಿಂದ ನನ್ನ ಗಂಟಲಿಗೆ ಪಿಸುಮಾತು ಒಂದೇ ಉಳಿಯಿತು.

ಸೈಕಲ್ ಬಂದದ್ದು ಆ ದಿನಗಳಲ್ಲೇ. ಸಹೋದ್ಯೋಗಿಯೊಬ್ಬರ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟ ಗೇರಿನ ಸೈಕಲ್ ಅವರ ಅಂಗಳದಲ್ಲಿ ತುಕ್ಕು ಹಿಡಿಯುತ್ತಿತ್ತು. ಕೇಳಿ ತಂದುಕೊಂಡೆ. ಮೊದಮೊದಲು ಸಂಜೆ ಊರ ಹೊರಗಿನ ಪೆಟ್ರೋಲ್ ಪಂಪಿನ ತನಕ. ಆಮೇಲೆ ಭಾನುವಾರ ಶೇಗಾಂವದವರೆಗೆ ಹೋಗಿ ಬಂದೆ. ನಲವತ್ತೆರಡು ವರ್ಷದ ಹೆಂಗಸು ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಸೈಕಲ್ ತುಳಿಯುವುದನ್ನು ಮಂದಿ ನಿಂತು ನೋಡುತ್ತಿದ್ದರು. ತುಳಿಯುವಾಗ ಉಸಿರಿನ ಸದ್ದೊಂದು ಕೇಳುತ್ತದಲ್ಲ, ಅದು ನನಗೆ ಹಿತವೆನಿಸುತ್ತಿತ್ತು. ಮರುವರ್ಷ ದೀಪಾವಳಿಯ ರಜೆಗೆ ಹಿಂದಿನ ಕ್ಯಾರಿಯರಿಗೆ ಒಂದು ಚಾದರ, ಗಾಳಿಯ ಪಂಪು, ಪಂಕ್ಚರಿನ ಡಬ್ಬಿ, ಒಣಗಿಸಿದ ಕಟಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟೆ. ಅವ್ವ ಕೈ ಬೀಸಿದ ಕಡೆಯ ಖಣಿಗಳನ್ನೆಲ್ಲ ನೋಡಿ ಬರುವುದು, ಬನ್ನಿಗಿಡ ಇದ್ದದ್ದು ಸಿಕ್ಕರೆ ಅಲ್ಲೊಂದು ಗಳಿಗೆ ಕೂಡುವುದು. ಅಷ್ಟೇ ನನ್ನ ವಿಚಾರ.

ನಮ್ಮ ತಾಲೂಕಿನ ನೆಲ ಕೆರೆದರೆ ಕಲ್ಲು. ಸಂಸ್ಥಾನದ ಕಾಲದಿಂದ ಬಾವಿಗೆ, ವಾಡೆಗೆ, ಗುಡಿಯ ಮೆಟ್ಟಿಲಿಗೆ, ಆಮೇಲೆ ಸಡಕಿಗೆ ಇಲ್ಲಿಯ ಕರಿಕಲ್ಲನ್ನೇ ಒಡೆದರು. ಸಡಕಿನ ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ಖಣಿಗಳು ಕಾಣುವುದಿಲ್ಲ. ಸೈಕಲ್ ಮೇಲೆ ಹೊಲದ ದಾರಿ ಹಿಡಿದರೆ ಹೆಜ್ಜೆಗೊಂದು ಸಿಗುತ್ತದೆ. ಹಳೆಯವುಗಳ ಗೋಡೆಯ ಮೇಲೆ ಉಳಿ ಹೊಡೆದು ಮಾಡಿದ ತೂತುಗಳ ಸಾಲು ಇನ್ನೂ ಇದೆ. ಒಂದರಲ್ಲಿ ಹಸಿರು ನೀರು ನಿಂತು, ಅದಕ್ಕೆ ಮೋಟರು ಕೂಡಿಸಿ ದಾಳಿಂಬೆಗೆ ನೀರು ಎತ್ತುತ್ತಿದ್ದರು. ಇನ್ನೊಂದನ್ನು ಕಸ ತುಂಬಿ ಮುಚ್ಚುತ್ತಿದ್ದರು. ಮೂರನೆಯದರಲ್ಲಿ ಬೇವು ಬೆಳೆದು ಅದರ ತುದಿ ನನ್ನ ಕಾಲಿನ ಸಮಕ್ಕೆ ಬಂದಿತ್ತು. ನಿಂತು ನೋಡಿದೆ, ನೀರು ಕುಡಿದೆ, ಮುಂದೆ ತುಳಿದೆ. ಮೊದಲ ದಿನವೆಲ್ಲ ಇಷ್ಟೇ.

ಅಸಂಗಿಯ ಹತ್ತಿರ ಚಹಾದ ಅಂಗಡಿಯವ ಸೈಕಲನ್ನೂ ನನ್ನನ್ನೂ ಸರದಿಯಂತೆ ನೋಡಿ ಕೇಳಿದ, "ಒಬ್ಬರ ಬಂದೀರೇನ್ರಿ ಅಕ್ಕಾರ?"

"ಹೌದ್ರಿ. ಹಳೇ ಖಣಿ ನೋಡಾಕ."

"ಖಣಿಯಾಗ ನೋಡೂದೇನೈತ್ರಿ? ತೆಗ್ಗ. ಇದ್ದದ್ದೆಲ್ಲ ಮಂದಿ ಮನಿಗೋಳಾಗ ಹೋಗೇತಿ."

ಚಹಾ ಕುಡಿಯುವಾಗ ಅವನ ಅಂಗಡಿಯ ಹಿಂದಿನ ಹಳೆಯ ಮನೆಯ ಗೋಡೆಯನ್ನೇ ನೋಡುತ್ತ ಕುಳಿತೆ. ಯಾರ ತಲೆಯ ಮೇಲಿಂದ ಬಂದ ಕಲ್ಲೋ ಏನೋ. ಆ ರಾತ್ರಿ ಅಸಂಗಿಯಲ್ಲಿ ನನ್ನ ಶಾಲೆಯ ಗೆಳತಿಯ ಮನೆಯಲ್ಲಿ ಮಲಗಿದೆ. ಅವಳ ಮನೆ ತುಂಬ ಮಂದಿ. ಬೆಳಿಗ್ಗೆ ಬೀಳ್ಕೊಡುವಾಗ ಎಲ್ಲರೂ ಅಂಗಳಕ್ಕೆ ಬಂದು ನಿಂತರು. ತಿರುವಿನ ತನಕ ಹಿಂತಿರುಗಿ ನೋಡುತ್ತ ಹೋದೆ.

ಎರಡನೆಯ ದಿನ ಎದುರುಗಾಳಿ. ಮೊಣಕಾಲೆತ್ತರದ ಬಿಳಿಜೋಳ ನನ್ನ ಕಡೆಗೇ ಬಾಗಿತ್ತು. ಮಾಡಗ್ಯಾಳದ ಈಚೆ ಬೋರೆಯ ಮೇಲೆ ಗಿಳಿಮೂಗಿನ ಕುರಿಗಳನ್ನು ಮೇಯಿಸುತ್ತಿದ್ದ ಮುದುಕನನ್ನು ಬನ್ನಿಗಿಡದ ಖಣಿ ಎಲ್ಲಿ ಎಂದು ಕೇಳಿದೆ. ಅವನು ಕೋಲಿನ ಮೇಲೆ ಗದ್ದ ಊರಿ ವಿಚಾರ ಮಾಡಿದ. "ಗಿಡದ್ದ ನನಗ ಗೊತ್ತಿಲ್ಲವ್ವಾ. ಆ ದಿನ್ನಿ ದಾಟಿದ್ರ ಒಂದು ಖಣಿ ಐತಿ. ದಂಡಿಮ್ಯಾಲ ಮುದುಕಿ ಒಬ್ಬಾಕಿ ಇರ್ತಾಳ, ಹಿಂದ ಕಲ್ಲ ಹೊತ್ತಾಕಿ. ಆಕೀನ ಕೇಳು."

ತಗಡಿನ ಒಂದು ಮನೆ. ಮುಂದೆ ಕುಳಿತ ಮುದುಕಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೈಕಲ್ ದೂಡಿಕೊಂಡು ಹೋಗಿ, "ಆಯಿ, ನಮ್ಮವ್ವ ಈ ಕಡಿ ಖಣಿಯಾಗ ಕಲ್ಲ ಹೊತ್ತಾಳ. ಭಾಳ ವರ್ಷ ಆತು" ಎಂದೆ. ಕೇಳಿಸಲಿಲ್ಲ. ಅವಳಿಗೂ ಕಿವಿ ಮಂದ. ನಾನು ಒಂದೂಕಾಲು ವರ್ಷದ ನಂತರ ಗಂಟಲು ತೆರೆದು ಕೂಗಿದೆ.

"ನಿಮ್ಮವ್ವ ಯಾರ?"

ಅವ್ವನ ಹೆಸರು ಹೇಳಿದೆ. ನಮ್ಮ ಕಡೆ ಆ ಹೆಸರಿನವರು ಓಣಿಗೆ ಇಬ್ಬರಿರುತ್ತಾರೆ. ಆದರೆ ಮುದುಕಿ ಮೊರ ಬದಿಗಿಟ್ಟು ಎದ್ದೇ ಬಂದಳು. ಎರಡೂ ಅಂಗೈಯಲ್ಲಿ ನನ್ನ ಮುಖ ಹಿಡಿದಳು. "ಆಕಿ ಮಗಳೇನ ನೀ? ಆಕಿ ಮಗಳ! ಬರ್ತೀನಿ ಅಂದಿದ್ಳು. ಇದ್ದಾಳ?"

"ಇಲ್ಲ ಆಯಿ. ಹ್ವಾದ ವರ್ಷ ಶ್ರಾವಣದಾಗ ಹ್ವಾದಳು."

ಅವಳು ಅಲ್ಲೇ ನೆಲಕ್ಕೆ ಕುಳಿತು ಅಳಲು ಶುರು ಮಾಡಿದಳು. ಹೆಸರು ಹಿಡಿದು ಕರೆದು, ನನ್ನ ಬಿಟ್ಟು ಹ್ಯಾಂಗ ಹ್ವಾದಿ ಎಂದು, ಎದೆ ಬಡಿದುಕೊಂಡು ಅತ್ತಳು. ನಾನು ಅವಳ ಬೆನ್ನು ಸವರುತ್ತ ಕುಳಿತೆ. ಅವ್ವನಿಗಾಗಿ ಒಬ್ಬರು ಹೀಗೆ ಅಳುವುದನ್ನು ಮೊದಲ ಸಲ ನೋಡಿದೆ. ನನ್ನ ಕಣ್ಣಲ್ಲೂ ನೀರು ಬಂದು ನಿಲ್ಲದಾಯಿತು.

ಅತ್ತು ಮುಗಿದ ಮೇಲೆ ಅವಳು ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇಟ್ಟಳು. ಎದುರಿಗೆ ಕುಳಿತು ಹೇಳತೊಡಗಿದಳು. ಗಂಡಸರು ಎತ್ತದ ಕಲ್ಲನ್ನು ಅವ್ವ ಎತ್ತುತ್ತಿದ್ದಳಂತೆ. ಬೇಸಿಗೆಯಲ್ಲೊಮ್ಮೆ ಆಳುಗಳು ಕುಡಿಯುವ ನೀರಿನ ಕೊಡವನ್ನು ಕೆಲಸ ಮಾಡಿಸುವ ಮುಕಾದಮ ಬಿಸಿಲಲ್ಲಿಟ್ಟದ್ದಕ್ಕೆ ಅವ್ವ ನಡು ಖಣಿಯಲ್ಲಿ ಕುಳಿತು, ನೆರಳಿಗೆ ತರುವ ತನಕ ಯಾರೂ ಏಳಬೇಡಿ ಎಂದಳಂತೆ. ಎಲ್ಲ ಹೆಂಗಸರೂ ಕುಳಿತರಂತೆ. ಕೊಡ ಬಂತಂತೆ. "ಮತ್ತ ಹಾಡ! ಆಕಿ ಹಾಡಾಕ ಹತ್ತಿದ್ರ ಆಚಿ ಹೊಲದವರು ಕೆಲಸ ನಿಲ್ಲಸ್ತಿದ್ರು."

ಮನೆಯಲ್ಲಿ ಅವ್ವ ಒಂದು ದಿನ ಹಾಡಿದ್ದಿಲ್ಲ. ಇಂಥವಳು ನನ್ನ ಮುಂದೆ ಇಷ್ಟು ವರ್ಷ ಸುಮ್ಮನೆ ಪಾತ್ರೆ ತಿಕ್ಕುತ್ತ ಕುಳಿತಳಲ್ಲ, ನಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದುಕೊಂಡೆ.

"ಎಡಗೈಲೇ ಸುತ್ತಿಗಿ ಬೀಸತಿದ್ಳು," ಮುದುಕಿ ತನ್ನ ಎಡಗೈ ಎತ್ತಿ ತೋರಿಸಿದಳು. "ಈಟೆತ್ತರ ಹೆಣಮಗಳು. ಗದ್ದದ ಮ್ಯಾಲ ಹಚ್ಚಿ, ಮೂರ ಚುಕ್ಕಿ. ಎಷ್ಟ ಛಂದ ಕಾಣತಿತ್ತು!"

ಅವ್ವ ನನ್ನ ಭುಜಕ್ಕೆ ಬರುತ್ತಿದ್ದಳು. ಎಲ್ಲ ಕೆಲಸ ಬಲಗೈಯದು. ಗದ್ದದ ಮೇಲೆ ಹಚ್ಚೆ ಇರಲಿಲ್ಲ.

ನೀರು ಕುಡಿದು, ಖಣಿ ನೋಡಿ ಬರುತ್ತೇನೆಂದು ಎದ್ದೆ. ದಂಡೆಯಲ್ಲಿ ಒಂದು ಬೇವು ಮಾತ್ರ ಇತ್ತು. ಕೆಳಗೆ ಎರಡಾಳು ಆಳಕ್ಕೆ ನೀರು, ನೀರಿನಿಂದ ಮೇಲಕ್ಕೆ ಕಡಿದ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಬುಟ್ಟಿ ಹೊತ್ತು ಹತ್ತಿದವಳು ನನ್ನ ಅವ್ವ ಅಲ್ಲ. ಹೇಳದೆ ಹೋಗಿಬಿಡಬಹುದಿತ್ತು. ಹೇಳಿದರೆ ಹಾಡು ಹಾಡಿದ, ಕೊಡ ತರಿಸಿದ ಆ ಅವ್ವ ನನ್ನ ಕೈಬಿಟ್ಟು ಹೋಗುತ್ತಿದ್ದಳು. ಅರ್ಧ ಗಂಟೆಯ ಹಿಂದಷ್ಟೇ ಸಿಕ್ಕವಳು. ಆದರೆ ಹೇಳದಿದ್ದರೆ ಈ ಮುದುಕಿ ಬದುಕಿರಬಹುದಾದ ಗೆಳತಿಯನ್ನು ಸತ್ತಳೆಂದು ನಂಬಿ ಉಳಿದ ದಿನ ಕಳೆಯುತ್ತಾಳೆ. ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆ. ಆಮೇಲೆ ತಿರುಗಿ ಬಂದೆ.

"ಆಯಿ, ತಪ್ಪಾತು. ನೀ ಹೇಳಾಕಿ ನಮ್ಮವ್ವ ಅಲ್ಲ. ನಮ್ಮವ್ವ ಗಿಡ್ಡಾಕಿ. ಹಚ್ಚಿ ಇರಲಿಲ್ಲ. ಹೆಸರಷ್ಟ ಒಂದ." ಅವಳಿಗೆ ಕೇಳಿಸಲೆಂದು ಇಷ್ಟನ್ನೂ ಕೂಗಿಯೇ ಹೇಳಬೇಕಾಯಿತು.

ಮುದುಕಿ ನನ್ನ ಮುಖ ನೋಡಿದಳು. ಮೊರದಲ್ಲಿನ ಜೋಳವನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು.

"ಹಂಗಾದ್ರ ನನ್ನಾಕಿ ಇದ್ದಾಳೇನ?"

"ಗೊತ್ತಿಲ್ಲ ಆಯಿ. ಇರಬಹುದು."

"ಇರಬಹುದು," ಅವಳು ತನಗೆ ತಾನೇ ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಬೊಚ್ಚುಬಾಯಿ ತೆರೆದು ನಕ್ಕಳು. "ನೋಡ, ಇದ್ದಾಕೀಗಿ ಅತ್ತ ಬಿಟ್ನೆಲ್ಲ!"

"ನನ್ನಿಂದ ಆತು."

"ಇರಲಿ ಬಿಡ. ಆ ಅಳು ನಿಮ್ಮವ್ವಗ ಹೋತು. ಆಕೀನೂ ಕಲ್ಲ ಹೊತ್ತಾಕಿನ ಹೌದಲ್ಲ? ಯಾರರೆ ಅಳಬೇಕಲ್ಲ." ಆಮೇಲೆ ಬನ್ನಿಗಿಡದ ಖಣಿಯ ಬಗ್ಗೆ ಕೇಳಿದಾಗ ತಲೆ ಅಲ್ಲಾಡಿಸಿದಳು. ಅಂಥವು ಎಷ್ಟೋ ಇದ್ದವು, ಗಿಡಗಳನ್ನೂ ಯಾವಾಗಲೋ ಕಡಿದಿರುತ್ತಾರೆ ಎಂದಳು. "ಲಗೂನ ಹೊಂಡು. ಗಾಳಿ ಬಿಟ್ಟೇತಿ."

ಜತ್ತದ ದಾರಿಯಲ್ಲಿ ಗಾಳಿ ಬೆನ್ನಿಗೆ ಇತ್ತು. ತುಳಿಯುವ ಕಷ್ಟವೇ ಇರಲಿಲ್ಲ. ಕಷ್ಟವಿದ್ದಿದ್ದರೆ ಚಲೋ ಇತ್ತು, ವಿಚಾರ ಮಾಡಲು ಇಷ್ಟು ಬಿಡುವು ಸಿಗುತ್ತಿರಲಿಲ್ಲ. ಗಿಡ್ಡಗಿದ್ದ, ಹಾಡದ, ಯಾರ ನೆನಪಿನಲ್ಲೂ ಉಳಿಯದ ನನ್ನ ಅವ್ವನನ್ನು ಮತ್ತೆ ಹಿಂದೆ ಕೂರಿಸಿಕೊಂಡು ಹೊರಟಂತೆ ಇತ್ತು. ಮನೆಗೆ ಬಂದು ಕೀಲಿ ತೆಗೆದಾಗ ದೀಪ ಹಚ್ಚುವ ಹೊತ್ತು.

ಸಂಕ್ರಮಣಕ್ಕೆ ಎಳ್ಳುಹೋಳಿಗೆ ಕಟ್ಟಿಕೊಂಡು ಮತ್ತೆ ಮಾಡಗ್ಯಾಳಕ್ಕೆ ಹೋದೆ. ಮುದುಕಿ ನನ್ನನ್ನು ಗುರುತಿಸಿ, "ಆಕಿ ಸಿಕ್ಕಳೇನ?" ಎಂದೇ ಮಾತು ಶುರು ಮಾಡಿದಳು. ನಾನು ಹುಡುಕುತ್ತೇನೆಂದು ಹೇಳಿರಲೇ ಇಲ್ಲ. ಅವಳ ಮನಸ್ಸಿನಲ್ಲಿ ನಾನು ಅದಕ್ಕೇ ತಿರುಗುವವಳಾಗಿದ್ದೆ. "ಇನ್ನೂ ಇಲ್ಲ ಆಯಿ" ಎಂದು ಕೂಗಿ ಹೇಳಿದೆ. ಅಲ್ಲಿಂದೀಚೆ ಭಾನುವಾರ ಯಾವ ಹಳ್ಳಿಗೆ ಹೋದರೂ ಕಟ್ಟೆಯ ಮೇಲೆ ಕುಳಿತ ಮುದುಕಿಯರನ್ನು ಕೇಳುತ್ತೇನೆ: ಎತ್ತರದಾಕಿ, ಎಡಗೈಯಾಕಿ, ಗದ್ದದ ಮೇಲೆ ಮೂರು ಚುಕ್ಕಿ, ಖಣಿಯಲ್ಲಿ ಹಾಡುತ್ತಿದ್ದಳು. ಶೇಗಾಂವದಲ್ಲಿ ಒಬ್ಬರು ಹೌದೆಂದು ಒಬ್ಬ ಅಜ್ಜಿಯ ಮನೆಗೆ ಕರೆದುಕೊಂಡು ಹೋದರು. ನೋಡಿದರೆ ಎರಡೇ ಚುಕ್ಕಿ, ಖಣಿ ಕಂಡವಳೇ ಅಲ್ಲ. ಆ ಅಜ್ಜಿ ಮಾತ್ರ ನನ್ನನ್ನು ಸುಮ್ಮನೆ ಕಳಿಸಲಿಲ್ಲ. "ಅಷ್ಟ ದೂರದಿಂದ ಸೈಕಲ್ ಮ್ಯಾಲ ಬಂದೀಯವ್ವಾ, ಕುಂದ್ರು" ಎಂದು ಚಹಾ ಮಾಡಿಸಿದಳು. ಕುಡಿದು ಎದ್ದೆ. ಹಿಂದಿನ ಚಕ್ರದಲ್ಲಿ ಗಾಳಿ ಇಳಿದಿತ್ತು. ಪಂಪು ತೆಗೆದು ಹೊಡೆಯತೊಡಗಿದೆ.