ಬಂಗಡೆ ಪೆಟ್ಟಿಗೆಯ ಐಸು

ಮೊಸರಿಗೆ ಪಕ್ಕದಲ್ಲಿರುವುದರ ವಾಸನೆ ಬಹಳ ಬೇಗ ಹತ್ತುತ್ತದೆ. ಅವತ್ತು ಇದು ನನಗೆ ಗೊತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಎಷ್ಟೋ ವರ್ಷ ಕಳೆದೆ. ಗೊತ್ತಿತ್ತು. ನನ್ನ ತಂಗಿಯೇ ದಿನಾ ಅದನ್ನು ಹೇಳುತ್ತಿದ್ದಳು, ಅದೂ ಮೂಗು ಮುಚ್ಚಿಕೊಂಡು.

ಎಂಬತ್ತರ ದಶಕದ ನಡುವಿನ ಮಾತು. ವಿಜಾಪುರದ ಕಡೆಯಿಂದ ಹೋದ ನಾವು ಗೋವಾದ ಮಡಗಾಂವಿನ ಮೋತಿ ಡೊಂಗರ ಗುಡ್ಡದ ಮೇಲೆ ತಗಡಿನ ಒಂದೇ ಕೋಣೆಯಲ್ಲಿದ್ದೆವು. ಅಬ್ಬಾ ಮುರ್ಮುಗಾಂವ್ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಕೂಸಾಗಿದ್ದ ತಂಗಿಯನ್ನು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತೆಂದು ನನ್ನನ್ನು ಮೂರನೇ ಇಯತ್ತೆಯಲ್ಲೇ ಶಾಲೆ ಬಿಡಿಸಿದರು. ದೊಡ್ಡವಳಾದ ಮೇಲೆ ಮೀನು ಮಾರ್ಕೆಟ್ಟಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದೆ. ಯಾರಿಗಾಗಿ ನನ್ನ ಪಾಟಿ ಮೂಲೆಗೆ ಹೋಯಿತೋ ಅವಳು ಏಳನೆಯವರೆಗೆ ಓದಿದಳು.

ತಲೆಯ ಮೇಲಿನ ಬಂಗಡೆ ಪೆಟ್ಟಿಗೆಯಲ್ಲಿ ಐಸು ಕರಗಿ ಮೀನಿನ ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಎಷ್ಟು ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ನನ್ನ ಕೂದಲಿಗೆ, ಬಟ್ಟೆಗೆ, ಹೊದಿಕೆಗೆ, ಕೊನೆಗೆ ಇಡೀ ಕೋಣೆಗೆ ಅಂಟಿತ್ತು.

"ಆಪಾ, ಆ ಕಡಿ ಸರದ ಕುಂದರ. ನಿನ್ನ ಬಂಗಡಿ ವಾಸನಿ ಮೊಸರಿಗೆ ಹತ್ತತೈತಿ," ಎನ್ನುತ್ತಿದ್ದಳು ತಂಗಿ.

"ಈ ಬಂಗಡಿಯಿಂದನ ನಿನಗ ಮೊಸರು ಬರಾಕತ್ತೈತಿ, ತಿಳೀತಾ?"

"ಮೊಸರು ಎಮ್ಮಿಯಿಂದ ಬರತೈತಿ. ಸಾಲಿ ಬಿಟ್ಟಾಕಿ, ನಿನಗೇನ ಗೊತ್ತು?"

ಅಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಇಬ್ರೂ ಬಾಯಿ ಮುಚ್ಚರಿ. ಇಲ್ಲಾಂದ್ರ ಇಬ್ರನ್ನೂ ಒಂದ ಪೆಟಗಿಯಾಗ ಹಾಕಿ ಮಾರಿ ಬರತೇನಿ."

ನಮ್ಮ ಮನೆಯಲ್ಲಿ ಮೊಸರಿನ ಹುಚ್ಚು ಶುರುವಾದದ್ದು ಒಂದು ಬೇಸಿಗೆಯ ರಂಜಾನಿನಲ್ಲಿ. ಗುಡ್ಡದ ಕೆಳಗಿನ ಕ್ವಾರ್ಟರ್ಸಿನಲ್ಲಿ ಧಾರವಾಡದ ಕಡೆಯ ಒಬ್ಬ ಬಾಯಾರ, ಅಂದರೆ ಅಮ್ಮಾವ್ರ, ಮನೆಯಲ್ಲಿ ತಂಗಿ ಪಾತ್ರೆ ತೊಳೆದು, ಅವರ ಹುಡುಗನನ್ನು ನೋಡಿಕೊಳ್ಳುತ್ತಿದ್ದಳು. ಅವರು ಶ್ರೀಖಂಡಕ್ಕೆ ಮೊಸರು ಕಟ್ಟುವುದನ್ನು ಕಂಡು ಬಂದು, ರೋಜಾ ಬಿಡುವ ಹೊತ್ತಿಗೆ ಏನಾದರೂ ತಣ್ಣಗಿನದು ಮಾಡುತ್ತೇನೆಂದು ಕುಳಿತಳು. ಹೆಪ್ಪಾದ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ತೂಗು ಹಾಕಿದಳು. ನೀರೆಲ್ಲ ಇಳಿದು ಅದು ಬೆಣ್ಣೆಯಂತಾದ ಮೇಲೆ ಚಿಕ್ಕು, ಮಾವು, ಪಪ್ಪಾಯಿ, ಸಿಕ್ಕಿದ ಹಣ್ಣನ್ನು ಕೈಯಲ್ಲೇ ಹಿಚುಕಿ ಬೆರೆಸಿದಳು. ಸಕ್ಕರೆ ಇಲ್ಲ, ಬಣ್ಣವಿಲ್ಲ. ಹಣ್ಣು ಹುಳಿಯಾಗಿದ್ದರೆ ಒಂದು ಕಳಿತ ಬಾಳೆಹಣ್ಣು ಹಾಕುತ್ತಿದ್ದಳು, ಅಷ್ಟೆ.

ಫ್ರಿಜ್ ನಮಗೆಲ್ಲಿಂದ ಬರಬೇಕು? ಮುಚ್ಚಳದ ತಗಡಿನ ಡಬ್ಬಿಗೆ ಅದನ್ನು ತುಂಬಿ, ಡಬ್ಬಿಯನ್ನು ದೊಡ್ಡ ಬಕೆಟ್ಟಿನಲ್ಲಿಟ್ಟು, ಸುತ್ತಲೂ ಒಡೆದ ಐಸು ಮತ್ತು ಹರಳುಪ್ಪು ಹಾಕಿ, ಮೇಲೆ ಗೋಣಿಚೀಲ ಸುತ್ತುತ್ತಿದ್ದಳು. ಆಮೇಲೆ ಡಬ್ಬಿಯ ಕೊರಳು ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತ ಕೂರುವುದು. ನಡುನಡುವೆ ಮುಚ್ಚಳ ತೆಗೆದು, ಅಂಚಿನಲ್ಲಿ ಗಟ್ಟಿಯಾದದ್ದನ್ನು ಸೌಟಿನಿಂದ ಕೆರೆದು ಒಳಗೆ ಕಲಸುವುದು. ಉಪ್ಪಿನಿಂದ ಐಸಿನ ಚಳಿ ಹೆಚ್ಚಾಗಿ ಮೊಸರು ಗಟ್ಟಿಯಾಗುತ್ತಿತ್ತು. ಐಸು ತರುವುದು ನನ್ನ ಕೆಲಸ. ಮಾರ್ಕೆಟ್ಟಿಗೆ ಬರುವ ಐಸಿನ ಗಾಡಿಯವನು, ಐಸು ಮೀನಿಗೆ ತಾಗುವ ಮೊದಲೇ, ಮರದ ಹೊಟ್ಟಿನಡಿಯ ದೊಡ್ಡ ಐಸುಗಡ್ಡೆಯಿಂದ ಒಂದು ಮೂಲೆ ಒಡೆದು ನನಗೆ ಕೊಡುತ್ತಿದ್ದ.

ಅವಳು ಮಾಡಿದ್ದು ರುಚಿಯಾಗಿತ್ತು. ದಿನವೆಲ್ಲ ಒಣಗಿದ ಬಾಯಿಗೆ ಆ ಚಿಕ್ಕು ಮೊಸರು ಬಿದ್ದಾಗ ಏನನಿಸಿತೆಂದು ಇವತ್ತೂ ನೆನಪಿದೆ. ಆದರೆ ನಾನು ಹೇಳಿದ್ದು "ಹುಳಿ ಆಗೈತಿ" ಎಂದು. ಹೇಳಿ, ಬಟ್ಟಲು ನೆಕ್ಕಿ ಇಟ್ಟೆ.

ಬಾಯಾರ ಹುಡುಗನಿಗೆ ಶಾಲೆಯ ಮುಂದೆ ಮಾರುವ ಕೆಂಪು ಐಸ್ ಕ್ಯಾಂಡಿ ತಿಂದು ಯಾವಾಗಲೂ ಗಂಟಲು ನೋವು. ತಂಗಿ ಒಮ್ಮೆ ತನ್ನ ಮೊಸರಿನದನ್ನು ಒಯ್ದು ಕೊಟ್ಟಳು. ಹುಡುಗ ಇನ್ನೂ ಬೇಕೆಂದು ಹಟ ಮಾಡಿದ, ಗಂಟಲೂ ಕೆಡಲಿಲ್ಲ. ಮರುವರ್ಷ ಬೇಸಿಗೆ ಶುರುವಾಗುವಾಗ ಅವನ ಹುಟ್ಟುಹಬ್ಬಕ್ಕೆ ಡಬ್ಬಿ ತುಂಬ ಮಾಡಿಕೊಡು ಎಂದರು ಬಾಯಾರು. "ಛಲೋ ಆತಂದ್ರ ನಮ್ಮ ಕ್ವಾರ್ಟರ್ಸ್ ಮಂದಿಗೆಲ್ಲಾ ಹೇಳತೇನಿ. ಬ್ಯಾಸಗಿ ಪೂರ್ತಿ ನಿನಗ ಇದ ಕೆಲಸ ಆಗತದ, ನೋಡು," ಎಂದೂ ಹೇಳಿದರು.

ಅಮ್ಮ ಆ ಹೊತ್ತಿಗೆ ತಂಗಿಯನ್ನೂ ಮಾರ್ಕೆಟ್ಟಿಗೆ ಕಳಿಸುವ ಲೆಕ್ಕದಲ್ಲಿದ್ದಳು. ಬಾಯಾರ ಮಾತು ಕೇಳಿ ಸ್ವಲ್ಪ ಮೆತ್ತಗಾದಳು. "ಅದು ನಡೀತಂದ್ರ ಮನ್ಯಾಗ ಕುಂತು ಅದನ್ನ ಮಾಡು. ನಡೀಲಿಲ್ಲ, ಮುಂದಿನ ತಿಂಗಳಿಂದ ಆಪಾನ ಜೋಡಿ ಪೆಟಗಿ ಹೊರು."

ಅಂದರೆ ನನ್ನ ತಂಗಿಯ ಕುತ್ತಿಗೆಗೆ ಮೀನಿನ ನೀರು ಇಳಿಯಬೇಕೋ ಬೇಡವೋ ಎನ್ನುವುದು ಆ ಒಂದು ಡಬ್ಬಿಯ ಮೇಲೆ ನಿಂತಿತ್ತು. ಇಳಿಯಲಿ ಎಂದು ನನಗನಿಸಿತು. ನನಗಿಲ್ಲದ್ದು ಅವಳಿಗೇಕೆ?

ಹುಟ್ಟುಹಬ್ಬದ ಹಿಂದಿನ ದಿನ ಅವಳು ಕೋಣೆಯನ್ನು ಸೋಪು ಹಾಕಿ ತೊಳೆದಳು. ನನ್ನ ಬಟ್ಟೆ, ಹೊದಿಕೆ ಎಲ್ಲವನ್ನೂ ಹೊರಗೆ ಎಸೆದಳು. ಸಂಜೆ ನಾನು ಬಂದರೆ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

"ನಾಳೆ ತನಾ ನೀ ಒಳಗ ಬರಬ್ಯಾಡ. ಮೊಸರು ಕಟ್ಟೇನಿ."

"ನಾ ಎಲ್ಲಿ ಉಣ್ಲಿ?"

"ಅಲ್ಲೇ ಕುಂತು ಉಣ್ಣು. ಬೆಕ್ಕು ಬಂದ್ರ ನಿನ್ನ ಮೂಸಿ ನೋಡಿ ಹೋಗತೈತಿ."

ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮನೂ ನಕ್ಕಳು. ನಾನು ಹೊಸ್ತಿಲ ಹೊರಗೆ ಕುಳಿತು ಉಂಡೆ.

ಮರುದಿನ ಬೆಳಿಗ್ಗೆ ಐಸಿನ ಗಾಡಿ ಎಂದಿನಂತೆ ಬಂತು. ಇವತ್ತು ಐಸು ಬೇಡವೇ ಎಂದು ಗಾಡಿಯವನು ಕೊಂಕಣಿಯಲ್ಲಿ ಕೇಳಿದ: "ಆಯ್ಜ ಬರ್ಫ ನಾಕಾ ಗೋ?"

"ನಾಕಾ," ಎಂದೆ.

ಬಂಗಡೆ ಖಾಲಿ ಮಾಡಿದ ಪೆಟ್ಟಿಗೆಗಳ ತಳದಲ್ಲಿ ಉಳಿದಿದ್ದ ಐಸನ್ನು ಗೋಣಿಗೆ ತುಂಬಿಕೊಂಡೆ. ಬೂದಿ ಬಣ್ಣದ್ದು, ಅಲ್ಲಲ್ಲಿ ರಕ್ತದ ಕೆಂಪು. ನಳದಡಿ ಹಿಡಿದು ಮೇಲಿನ ಕೊಳೆ ತೊಳೆದೆ. ಗಾಡಿಯ ಕೆಳಗೆ ಬಿದ್ದಿದ್ದ ಹೊಟ್ಟನ್ನು ಬಳಿದು ಅದರ ಮೇಲೆ ಹಾಕಿದೆ. ಇಷ್ಟೆಲ್ಲ ಮಾಡಿದ್ದನ್ನು ಅವಸರದ ತಪ್ಪು ಎನ್ನಲು ನನ್ನಿಂದಾಗದು.

ತಂಗಿ ಗೋಣಿ ಬಿಚ್ಚಿದಳು. "ಯಾಕ ಇವತ್ತ ಬರ್ಫ ಇಷ್ಟ ಸಣ್ಣ ಸಣ್ಣ ಐತಿ?"

"ಒಡದ ತಂದೇನಿ. ನಿನ್ನ ಕೈ ನೋಯಬಾರದಂತ."

ಅವಳು ನನ್ನ ಮುಖ ನೋಡಿದಳು. "ಬರೇ ಬೈಯಾಕಿ, ಇವತ್ತೇನ ಆತ ನಿನಗ?" ಎಂದಳು. ಆದರೆ ಅವಳ ಮುಖ ಅರಳಿತ್ತು. "ಆಪಾ, ನಿನ್ನ ಪಾಲು ಬ್ಯಾರೆ ತಗದಿಡತೇನಿ," ಎಂದೂ ಸೇರಿಸಿದಳು.

ಮೀನಿನ ವಾಸನೆ ಅವಳಿಗೆ ಬಂದರೂ ಅದು ಬಾಗಿಲಲ್ಲಿ ನಿಂತ ನನ್ನದೇ ಎಂದುಕೊಂಡಿರಬೇಕು. ನಾನು ಅದನ್ನೇ ನಂಬಿಕೊಂಡಿದ್ದೆ. ಅವಳು ಡಬ್ಬಿ ತಿರುಗಿಸುವಾಗ ಬಕೆಟ್ಟಿನ ಉಪ್ಪುನೀರು ಎಗರಿ ಮುಚ್ಚಳದ ಅಂಚಿನಲ್ಲಿ ನಿಲ್ಲುತ್ತಿತ್ತು. ಕೆರೆಯಲು ಮುಚ್ಚಳ ತೆಗೆದಾಗಲೆಲ್ಲ ಹನಿ ಒಳಗೆ ಬೀಳುತ್ತಿತ್ತು. ನೋಡುತ್ತ ನಿಂತೆ. ಆಗಲೂ ಹೇಳಬಹುದಿತ್ತು. ಹೇಳುವ ಬದಲು ಬಕೆಟ್ಟಿನ ಒಂದು ಕಡೆ ಹಿಡಿದು ಗುಡ್ಡ ಇಳಿದೆ.

ಕ್ವಾರ್ಟರ್ಸಿನಲ್ಲಿ ಬಣ್ಣದ ಟೊಪ್ಪಿಗೆ ಹಾಕಿಕೊಂಡ ಹುಡುಗರು ಸಾಲಾಗಿ ಕುಳಿತಿದ್ದರು. ತಂಗಿ ಹಿಂದಿನ ಬಾಗಿಲಲ್ಲಿ ಬಟ್ಟಲು ತುಂಬಿದಳು, ಬಾಯಾರು ಒಯ್ದು ಹಂಚಿದರು. ಗಟ್ಟಿಯಾಗಿದ್ದಾಗ ಯಾರಿಗೂ ಏನೂ ತಿಳಿಯಲಿಲ್ಲ. ಬಾಯಿಯಲ್ಲಿ ಕರಗತೊಡಗಿದ ಮೇಲೆ ಹುಟ್ಟುಹಬ್ಬದ ಹುಡುಗನೇ ಮೊದಲು ಉಗುಳಿದ. ಬಾಯಾರ ಅತ್ತೆ ಬಟ್ಟಲು ಎತ್ತಿ ಮೂಸಿದರು.

"ಯಾರೂ ತಿನಬ್ಯಾಡ್ರಿ! ಇದರಾಗ ಮೀನಿನ ವಾಸನಿ ಅದ!" ಆಮೇಲೆ ಸೊಸೆಯ ಕಡೆ ತಿರುಗಿದರು. "ಅವರ ಮನಿದು ಬ್ಯಾಡಾ ಅಂತ ಬಡಕೊಂಡೆ. ಕೇಳಿದೇನು? ಈಗ ಹುಡುಗೂರ ಬಾಯಿ ತೊಳಸು, ನಡಿ."

ಬಾಯಾರು ಹಿಂದಿನ ಬಾಗಿಲಿಗೆ ಬಂದರು. ಅವರ ಮುಖ ಕೆಂಪಾಗಿತ್ತು. "ಏನ ಹಾಕೀದಿ ಇದರಾಗ?"

"ಹಣ್ಣು, ಮೊಸರು ಅಷ್ಟ ರೀ ಬಾಯಾರ. ಅಲ್ಲಾನ ಆಣಿ ರೀ."

"ಬರ್ಫ ಎಲ್ಲಿಂದ ತಂದೀರಿ?"

ಕೇಳಿದ್ದು ನನ್ನನ್ನು. "ದಿನಾ ತರೂ ಗಾಡಿಯಾಂವನ ಕಡಿಂದನ ರೀ," ಎಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. "ಡಬ್ಬಿ ತೊಳಿಯೂದು ಈಕಿ ಕೆಲಸ ರೀ. ಸರಿಯಾಗಿ ತೊಳದಾಳೋ ಇಲ್ಲೋ, ಯಾರಿಗ್ಗೊತ್ತು."

ತಂಗಿ ನನ್ನ ಕಡೆ ನೋಡಲಿಲ್ಲ. ಡಬ್ಬಿಯ ಕಡೆ ನೋಡಿದಳು.

ಆ ಮನೆಯ ಕೆಲಸವೂ ಅವತ್ತೇ ಹೋಯಿತು. ವಾಪಸು ಬಂದವಳು ಡಬ್ಬಿಗೆ ಬೂದಿ ಹಚ್ಚಿ ತಿಕ್ಕಿದಳು, ಮೂಸಿದಳು, ಮತ್ತೆ ತಿಕ್ಕಿದಳು. "ತೊಳದಿದ್ನಲ್ಲ ಅಮ್ಮಾ, ನೀನ ನೋಡಿದೆಲ್ಲ?" ಎಂದು ಕೇಳುತ್ತಲೇ ಇದ್ದಳು. ಅಮ್ಮ "ತೊಳದಿದ್ರ ವಾಸನಿ ಯಾಕ ಬರತಿತ್ತು?" ಎಂದಳು. ನಾನು ಒಳಗೆ ಹೋಗಿ ನನ್ನ ಜಾಗದಲ್ಲಿ ಹೊದಿಕೆ ಹಾಸಿಕೊಂಡೆ. ಯಾರೂ ತಡೆಯಲಿಲ್ಲ.

ಮುಂದಿನ ತಿಂಗಳು ಅವಳು ನನ್ನೊಂದಿಗೆ ಮಾರ್ಕೆಟ್ಟಿಗೆ ಬಂದಳು. ತಲೆಗೆ ಸಿಂಬಿ ಸುತ್ತುವುದನ್ನು ಹೇಳಿಕೊಟ್ಟವಳು ನಾನೇ. ಮೊದಲ ಪೆಟ್ಟಿಗೆ ಹೊತ್ತಾಗ ನೀರು ಅವಳ ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಕೆಲವು ದಿನ ನನಗೆ ಖುಷಿಯೇ ಆಯಿತು. ಆಮೇಲೆ ಅವಳು ನನ್ನ ಪಕ್ಕದಲ್ಲಿ ನನ್ನದೇ ವಾಸನೆ ಹೊತ್ತು ಮಲಗುವಾಗ ಖುಷಿ ಉಳಿಯಲಿಲ್ಲ. ನಮ್ಮ ಜಗಳ ಮಾತ್ರ ಉಳಿಯಿತು. ಮೊಸರಿನ ಹೆಸರೆತ್ತಿದರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಅವಳು ಲಾರಿ ಡ್ರೈವರನನ್ನು ಮದುವೆಯಾಗಿ ಕಾಣಕೋಣಕ್ಕೆ ಹೋದಳು. ನನ್ನ ಮನೆಗೂ ಒಂದು ಹಳೆಯ ಫ್ರಿಜ್ ಬಂತು. ಒಂದು ಬೇಸಿಗೆಯಲ್ಲಿ ಅವಳು ಮಕ್ಕಳನ್ನು ಕರೆದುಕೊಂಡು ಬಂದಾಗ ನಾನು ಮೊಸರು ಕಟ್ಟಿ, ಚಿಕ್ಕು ಹಿಚುಕಿ, ಸಣ್ಣ ಬಟ್ಟಲುಗಳಲ್ಲಿ ಗಟ್ಟಿ ಮಾಡಿ ಮುಂದಿಟ್ಟೆ. ಅವಳು ಚಮಚವನ್ನು ಮೊದಲು ಮೂಗಿನ ಹತ್ತಿರ ಒಯ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅವತ್ತ ಗಾಡಿ ಬರ್ಫ ಇರಲಿಲ್ಲ ಅದು," ಎಂದೆ. "ಬಂಗಡಿ ಪೆಟಗಿದು. ಬೇಕಂತನ ತಂದಿದ್ನಿ."

ಅವಳು ಚಮಚವನ್ನು ಬಟ್ಟಲಿಗೆ ವಾಪಸು ಇಟ್ಟಳು.

"ಹಂಗಾರ ಡಬ್ಬಿ ನಾ ಸರಿಯಾಗೇ ತೊಳದಿದ್ನಿ," ಎಂದಳು.

"ಹೂಂ."

"ಇಷ್ಟ ವರ್ಷ ನಾ ತೊಳದಿಲ್ಲ ಅಂತ ತಿಳಕೊಂಡಿದ್ನಿ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು, ಹೊಸ್ತಿಲ ಹೊರಗೆ ಕೂರಿಸಿದ್ದನ್ನು ಎತ್ತಬಹುದಿತ್ತು. ಅವಳು ಮಕ್ಕಳ ಕೈಯಲ್ಲಿದ್ದ ಬಟ್ಟಲುಗಳನ್ನು ಕಸಿದುಕೊಂಡಳು. ತನ್ನದನ್ನೂ ಸೇರಿಸಿ ಎಲ್ಲವನ್ನೂ ನನ್ನ ಮುಂದೆ ಸರಿಸಿದಳು.

"ನೀ ಮೊದ್ಲ ತಿನ್ನು. ಎಲ್ಲಾದರಾಗಿಂದೂ."

ಒಂದೊಂದು ಬಟ್ಟಲಿನಿಂದ ಒಂದೊಂದು ಚಮಚ ತಿಂದೆ. ಮಕ್ಕಳು ಇದೇನೋ ಆಟವೆಂದು ನಗುತ್ತಿದ್ದರು. ನಾನು ನುಂಗುವವರೆಗೆ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಬಟ್ಟಲುಗಳನ್ನು ಮಕ್ಕಳಿಗೆ ಕೊಟ್ಟಳು. ತಾನು ಮಾತ್ರ ಮುಟ್ಟಲಿಲ್ಲ.

ಈಗಲೂ ಅವಳು ನನ್ನ ಮನೆಗೆ ಬರುತ್ತಾಳೆ. ಚಹಾ ಕೊಟ್ಟರೂ ಕಪ್ಪನ್ನು ಮೊದಲು ನನ್ನ ಕಡೆ ತಳ್ಳುತ್ತಾಳೆ. ನಾನು ಒಂದು ಗುಟುಕು ಕುಡಿದು ವಾಪಸು ಕೊಡುತ್ತೇನೆ.