ಕಲ್ಲಿಗಿಂತ ಗಟ್ಟಿ

ಹೊಸನಗರದ ಹತ್ತಿರದ ಹಳೇ ಕೊಳದ ಮಂಟಪಕ್ಕೆ ಗಾರೆಯ ಮಾದರಿ ತೆಗೆಯಲು ಹೋದವಳು ಉತ್ತರದ ಮೂಲೆಯನ್ನು ಕೊನೆಗೆ ಉಳಿಸಿಕೊಂಡೆ. ಆ ಮೂಲೆಯನ್ನು ರಿಪೇರಿ ಮಾಡಿದ್ದು ಅಪ್ಪ. ಅವನು ಕಟ್ಟಿದ ಉಳಿದ ಗೋಡೆಗಳನ್ನೆಲ್ಲ ಜನ ಕೆಡವಿ ಹೊಸದು ಕಟ್ಟಿಕೊಂಡಿದ್ದಾರೆ. ಅವನ ಕೈಯದೆಂದು ಮುಟ್ಟಿ ನೋಡಲು ನನಗೆ ಉಳಿದಿದ್ದು ಇದೊಂದೇ.

ನನ್ನ ಕೆಲಸ ಇಷ್ಟೇ: ಹಳೇ ಗೋಡೆಯ ಗಾರೆ ಚೂರು ತಂದು, ಆಸಿಡ್‌ನಲ್ಲಿ ಸುಣ್ಣ ಕರಗಿಸಿ, ಉಳಿದ ಮರಳು ತೂಗಿ, ಎಷ್ಟಕ್ಕೆಷ್ಟು ಕಲಸಿದ್ದರೆಂದು ಹೇಳುವುದು. ದುರಸ್ತಿ ಮಾಡುವವರು ಅದನ್ನೇ ಅನುಸರಿಸುತ್ತಾರೆ. ಅಪ್ಪನಿಗೆ ಆಸಿಡ್ ಬೇಕಿರಲಿಲ್ಲ. ನೆನೆಹಾಕಿದ ಸುಣ್ಣವನ್ನು ಉಗುರ ತುದಿಯಲ್ಲಿ ತೆಗೆದು ಎಲೆಗೆ ಸವರಿ, ಅಡಿಕೆ ಹಾಕಿ ಜಗಿಯುತ್ತಿದ್ದ. "ಬಾಯಿ ಸುಟ್ರೆ ಇನ್ನೂ ಹಣ್ಣಾಗ್ಲಿಲ್ಲ, ಗೋಡೆಗೆ ಬ್ಯಾಡ" ಅನ್ನುತ್ತಿದ್ದ. ಎಷ್ಟು ದಿನ ನೆನೆಸಬೇಕು, ಬೆಲ್ಲದ ನೀರು ಎಷ್ಟು ಹಾಕಬೇಕು, ನಾನು ಒಂದು ದಿನವೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಈಗ ಪ್ರತಿ ವರದಿ ಬರೆಯುವಾಗಲೂ ಅವನು ಎದುರಿಗೆ ಕೂತು ಎಲೆ ಮಡಿಸಬಾರದೇ ಅನಿಸುತ್ತದೆ.

ಆಮೇಲೆ ಸಿಮೆಂಟು ಬಂತು. ಸುಣ್ಣ ಹಣ್ಣಾಗಲಿ ಎಂದು ಕಾಯುವ ವ್ಯವಧಾನ ಊರಿನಲ್ಲಿ ಯಾರಿಗಿತ್ತು? ಮಂಟಪದ ಮೂಲೆಯನ್ನು ಅಪ್ಪ ಎರಡೇ ದಿನದಲ್ಲಿ ಸಿಮೆಂಟಿನಿಂದ ಮುಗಿಸಿದ. ಸ್ಕೂಲಿಂದ ಬರುತ್ತಿದ್ದ ನನ್ನನ್ನು ನಿಲ್ಲಿಸಿ, ಕರಣೆಯ ಹಿಡಿಯಿಂದ ಬಡಿದು ತೋರಿಸಿದ. "ನೋಡು, ಕಲ್ಲಿಗಿಂತ ಗಟ್ಟಿ." ಅಷ್ಟು ಹೆಮ್ಮೆಯನ್ನು ಅವನ ಮುಖದಲ್ಲಿ ನಾನು ಮತ್ತೆ ಕಾಣಲಿಲ್ಲ.

ತಪ್ಪಿದ್ದು ಅಲ್ಲೇ. ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ಮಳೆಗಾಲದಲ್ಲಿ ಗೋಡೆ ಕುಡಿದ ನೀರು ಗಾರೆಯ ಸಂದಿಯಿಂದ ಆರಿ ಹೋಗಬೇಕು. ಸವೆಯುವುದಿದ್ದರೆ ಗಾರೆ ಸವೆದು ಕಲ್ಲು ಉಳಿಯಬೇಕು. ಉಳಿಯಿಟ್ಟು ಸಿಮೆಂಟಿನ ಒಂದು ಚಕ್ಕೆ ಎಬ್ಬಿಸಿದೆ. ಹಿಂದಿದ್ದ ಜಂಬಿಟ್ಟಿಗೆ ಕಲ್ಲು ಒದ್ದೆಯಾಗಿ, ಬಿಳೀ ಉಪ್ಪು ಕಟ್ಟಿ, ಬೆರಳು ತಾಗಿದ್ದೇ ಪುಡಿಯಾಗಿ ಉದುರಿತು. ಸಿಮೆಂಟಿಗೆ ಮಾತ್ರ ಏನೂ ಆಗಿರಲಿಲ್ಲ. ನನಗೆ ಸಿಟ್ಟು ಬಂತು, ಅಪ್ಪನ ಮೇಲೋ ಅವಸರ ಮಾಡಿಸಿದ ಊರಿನ ಮೇಲೋ ತಿಳಿಯದು. ಆ ಚಕ್ಕೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಅತ್ತೆ.

ಹಾಗೇ ಬಿಟ್ಟರೆ ಇನ್ನು ನಾಲ್ಕು ಮಳೆಗಾಲಕ್ಕೆ ಮೂಲೆಯೇ ಕುಸಿಯುತ್ತದೆ. "ಉತ್ತರ ಮೂಲೆಯ ಸಿಮೆಂಟನ್ನು ಪೂರ್ತಿ ತೆಗೆಯಬೇಕು." ಬೇರೆ ಯಾರ ಕೆಲಸವಾಗಿದ್ದರೂ ಒಂದು ನಿಮಿಷದಲ್ಲಿ ಬರೆದುಬಿಡುತ್ತಿದ್ದ ಸಾಲು. ಅಂದು ಇಡೀ ಮಧ್ಯಾಹ್ನ ಹಿಡಿಯಿತು.

ಈಗ ನಾವಿರುವ ಸಾಗರದ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು.

"ನಿಮ್ಮಪ್ಪ ಮಾಡಿದ್ದು ಹೆಂಗಿದ್ಯೇ? ಗಟ್ಟಿ ಇದ್ಯಾ?"

"ಗಟ್ಟಿ ಇದೆ ಅಮ್ಮ. ಕಲ್ಲಿಗಿಂತ ಗಟ್ಟಿ."

ಅಮ್ಮ ಕಾಫಿ ಲೋಟ ನನ್ನ ಕೈಗಿಟ್ಟು, ಆ ಮಾತನ್ನು ಪಕ್ಕದ ಮನೆಗೆ ಹೇಳಿ ಬರಲು ಹೊರಟಳು.